ಹನ್ನೆರಡು ಮರದ ಬಾತುಗಳು

ನಮ್ಮೂರಿನಲ್ಲಿ ಬಾಗಿಲಿರುವ ಮನೆ ಎಂದರೆ ಬೇಟೆಯಾಡದವರ ಮನೆ ಎಂದೇ ಅರ್ಥ. ಗುಡ್ಡದ ಮೇಲಿನ ಮೂವತ್ತೆರಡು ಮನೆಗಳಿಗೆ ಬಾಗಿಲಿಲ್ಲ, ಕಿಟಕಿಗೆ ಚೌಕಟ್ಟಿಲ್ಲ, ಕೂರುವುದಕ್ಕೊಂದು ಮಣೆಯಿಲ್ಲ. ಬಾಗಿಲಿನ ಜಾಗದಲ್ಲಿ ನಾನೇ ಹೊಲಿದುಕೊಟ್ಟ ದಪ್ಪ ಪರದೆಗಳು ತೂಗುತ್ತವೆ. ಕೆರೆಯ ದಂಡೆಗೆ ಅಂಟಿಕೊಂಡ ನಮ್ಮ ತಗ್ಗಿನ ಓಣಿಯಲ್ಲಿ ಮಾತ್ರ ಮನೆಮನೆಗೂ ಬಾಗಿಲು. ಮಳೆಗಾಲ ಬಂತೆಂದರೆ ಕೆರೆಯ ನೀರು ಆ ಬಾಗಿಲುಗಳನ್ನು ತಾನೇ ದೂಡಿಕೊಂಡು ಒಳಗೆ ಬರುತ್ತದೆ, ಮೊಣಕಾಲುದ್ದ ನಿಲ್ಲುತ್ತದೆ, ಬೀಗರ ಹಾಗೆ ಹದಿನೈದು ದಿನ ಇದ್ದು ಹೋಗುತ್ತದೆ. ಹೋದ ಮೇಲೂ ಗೋಡೆಯ ತೇವ ಸಂಕ್ರಾಂತಿಯವರೆಗೆ ಆರುವುದಿಲ್ಲ.

ಚಳಿಗಾಲಕ್ಕೆ ನಮ್ಮ ಕೆರೆಗೆ ಬರುವ ಬಾತುಗಳನ್ನು ಕೋವಿಯ ಅಳವಿಗೆ ಸೆಳೆಯಲು ಮರದ ಬಾತುಗಳನ್ನು ತೇಲಿಬಿಡುತ್ತಾರೆ. ಆದರೆ ಅವು ಇಳಿಯುವುದು ಮನುಷ್ಯರು ಬಾಳಿದ ಮರಕ್ಕೆ ಮಾತ್ರ. ಪೇಟೆಯಿಂದ ಹೊಸ ಹಲಗೆ ತಂದು, ಎಷ್ಟೇ ಚೆಂದವಾಗಿ ಬಾತು ಕೆತ್ತಿ, ಬಣ್ಣ ಹೊಡೆದು ತೇಲಿಬಿಡಿ, ತಲೆ ತಿರುಗಿಸಿಯೂ ನೋಡುವುದಿಲ್ಲ. ಅದೇ ಒಬ್ಬ ಅಜ್ಜ ನಲವತ್ತು ವರ್ಷ ಒರಗಿ ಕೂತ ಕಂಬದಿಂದ ಕೆತ್ತಿದ್ದಾದರೆ, ಮೂಗು ಮೋರೆ ನೆಟ್ಟಗಿರದಿದ್ದರೂ ಹಿಂಡು ಹಿಂಡೇ ಬಂದು ಅದರ ಪಕ್ಕ ಕೂರುತ್ತವೆ. ಎರಡು ಮೂರು ಚಳಿಗಾಲ ನೀರಿನಲ್ಲಿ ನೆನೆದ ಮೇಲೆ ಆ ಮರವೂ ಸಪ್ಪಗಾಗುತ್ತದೆ. ಆಗ ಇನ್ನೊಂದು ಬೇಕು. ಹೀಗಾಗಿ ಗುಡ್ಡದವರು ಬಾಗಿಲು, ಕಂಬ, ಮಂಚ ಎಲ್ಲವನ್ನೂ ಕೆತ್ತಿ ಕೆತ್ತಿ ಮುಗಿಸಿದ್ದಾರೆ. ಅವರ ಮನೆಗೆ ಹೆಣ್ಣು ತರುವಾಗ ಹುಡುಗಿಯ ಗುಣ ಕೇಳುವ ಮೊದಲು ಅವಳ ಜೊತೆ ಏನು ಮರ ಬರುತ್ತದೆ ಎಂದು ಕೇಳುತ್ತಾರೆ. ಶಾಲೆಯ ಬೆಂಚುಗಳಿಗೆ ಸರಪಳಿ ಹಾಕಿರುವುದೂ ಇದಕ್ಕೇ. ಕೆಲವರು ಹೊಸ ಹಲಗೆಗಳನ್ನು ಚಹಾದಂಗಡಿಯ ಮುಂದೆ ಹಾಕಿಸಿ, ಹರಟೆ ಹೊಡೆಯುವವರನ್ನು ಬಿಟ್ಟಿ ಚಹಾ ಕೊಟ್ಟು ಕೂರಿಸುತ್ತಾರೆ. ಹತ್ತು ವರ್ಷಕ್ಕೆ ಹಲಗೆ ಹದಕ್ಕೆ ಬರುತ್ತದೆ ಎನ್ನುತ್ತಾರೆ. ಕೂತವರು ಹದಕ್ಕೆ ಬಂದದ್ದನ್ನು ನಾನು ಕಂಡಿಲ್ಲ.

ನಾನು ಫಕೀರಪ್ಪ, ದರ್ಜಿ. ಗುಡ್ಡದ ಪೇಟೆಯಲ್ಲಿ ಒಂದು ಮಷಿನ್ನು ಹಾಕಿಕೊಂಡು ಬಾತಿನ ತುಪ್ಪಳ ತುಂಬಿದ ಗಾದಿ, ದಿಂಬು ಹೊಲಿಯುತ್ತಿದ್ದೆ. ನನ್ನ ಹೆಂಡತಿ ಸಾಂತವ್ವ ತಗ್ಗಿನ ಓಣಿಯ ಎಲ್ಲ ಹೆಂಗಸರ ಹಾಗೆ ಬಾತಿನ ಪುಕ್ಕ ಕೀಳುತ್ತಿದ್ದಳು. ಹದಿನಾರು ವರ್ಷ ಆ ತುಪ್ಪಳದ ಧೂಳು, ಆ ಗೋಡೆಯ ತೇವ ಕುಡಿದು ಅವಳ ಎದೆ ಕೆಟ್ಟಿತ್ತು. ಉಸಿರು ತೆಗೆದುಕೊಂಡರೆ ಒಳಗೆ ಸೀಟಿ ಊದಿದ ಸದ್ದಾಗುತ್ತಿತ್ತು. ಇನ್ನೆರಡು ಮಳೆಗಾಲ ಈ ಓಣಿಯಲ್ಲಿ ಕಳೆದರೆ ಇವಳು ಉಳಿಯುವುದಿಲ್ಲ ಎಂದು ಕಷಾಯ ಕೊಡುವ ಮುದುಕಿ ನನ್ನ ಮುಖ ನೋಡದೆ ಹೇಳಿದ್ದಳು. ಗುಡ್ಡದ ಮನೆ ಬೇಕೆಂದರೆ ಕೆರೆಯಲ್ಲಿ ಬೇಟೆಯ ಜಾಗ ಬೇಕು. ಅಂಥ ಜಾಗಗಳು ಮೂವತ್ತೆರಡೇ. ಹಿಡಿದವರು ಸಾಯಬೇಕು, ಸತ್ತವರಿಗೆ ಮಕ್ಕಳಿರಬಾರದು, ಆಗ ತಗ್ಗಿನವರ ಸರದಿ. ಆ ವರ್ಷ ದೀಪಾವಳಿಯ ಮಾರನೆಯ ವಾರ ಹಾಗೊಬ್ಬರು ಸತ್ತರು. ಸರದಿಯಲ್ಲಿ ನನ್ನದು ಮೊದಲ ಹೆಸರು. ಪರರ ಸಾವಿಗೆ ನಾನು ಹಿಗ್ಗಿದ್ದು ಅದೇ ಮೊದಲು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಊರೆಲ್ಲ ಹಾಗೆಯೇ.

ಹೊಸಬರಿಗೆ ಬೇಟೆ ಕಲಿಸುವವರು ಹುಚ್ಚೀರಪ್ಪ ಕಾಕಾ. ಎಪ್ಪತ್ತು ದಾಟಿದ ಮನುಷ್ಯ, ಎಡಗೈಯಲ್ಲಿ ಎರಡು ಬೆರಳಿಲ್ಲ. ಸತ್ತವರ ಕೋವಿಯನ್ನು ನನ್ನ ಕೈಗಿಟ್ಟು, "ಇದು ಕತ್ರಿ ಅಲ್ಲ ತಮ್ಮಾ, ಬೆರಳು ತೂರಿಸಿ ಆಡಬ್ಯಾಡ," ಎಂದು ತಮ್ಮ ಕೈ ತೋರಿಸಿದರು. ತೊಡೆಯವರೆಗೆ ಬರುವ ರಬ್ಬರ್ ಬೂಟು ಕೂಡ ಸತ್ತವರದೇ, ನನಗೆ ಎರಡು ಅಳತೆ ದೊಡ್ಡದು. ಅಂಗಡಿಯ ಚಿಂದಿಯನ್ನೆಲ್ಲ ತುರುಕಿ ಹಾಕಿಕೊಂಡೆ. ಜೊಂಡು ಹೆಣೆದು ಅಡಗಿ ಕೂರಲು ಮರೆ ಕಟ್ಟುವುದನ್ನು ಅವರು ಒಂದೇ ದಿನದಲ್ಲಿ ಕಲಿಸಿದರು, ಹೊಲಿಗೆಯ ಕೈ ಬೇಗ ಹಿಡಿಯಿತು. ಬಿದಿರಿನ ಸೀಟಿ ಮಾತ್ರ ನನಗೆ ಒಲಿಯಲಿಲ್ಲ. ಬಾತಿನ ದನಿ ತೆಗೆಯಲು ಹೋದರೆ ಗಂಟಲು ಕಟ್ಟಿದ ಆಡಿನ ದನಿ ಬರುತ್ತಿತ್ತು. ಹದಿನೈದು ದಿನ ಊದಿ ಊದಿ ತುಟಿ ಬಾತುಕೊಂಡವು. ಮನೆಯಲ್ಲಿ ಸಾಂತವ್ವ ಕೆಮ್ಮುತ್ತಲೇ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು.

"ಕೋವಿ, ಬೂಟು, ಸೀಟಿ ಎಲ್ಲಾ ಮ್ಯಾಲಿನ ಮಾತು," ಎಂದರು ಕಾಕಾ. "ಮರ ಏನೈತಿ ಹೇಳು. ಹನ್ನೆರಡು ಬಾತು ಆಗಬೇಕು. ಅದಕ್ಕಿಂತ ಕಡಿಮಿ ಆದ್ರ ಹಿಂಡಿಗೆ ಸಂಶಯ ಬರ್ತೈತಿ."

"ಬಾಗಿಲ ಐತ್ರಿ. ಮಂಚ ಐತಿ."

"ಮಷಿನ್ನಿನ ಹಲಿಗಿ?"

"ಅದರಾಗ ಒಂದ ಬಾತೂ ಆಗೂದಿಲ್ರಿ ಕಾಕಾ. ತೂತು ಬಿದ್ದು ಜರಡಿ ಆಗೈತಿ."

ಅವರು ತಲೆಯಾಡಿಸಿದರು. ಇನ್ನೊಂದು ಮರವೂ ನಮ್ಮ ಮನೆಯಲ್ಲಿತ್ತು, ಅದನ್ನು ನಾನು ಹೇಳಲಿಲ್ಲ. ಒಳಕೋಣೆಯ ತೊಲೆಗೆ ಒಂದು ತೊಟ್ಟಿಲು ತೂಗುತ್ತಿತ್ತು. ಮದುವೆಯಾದ ಎರಡನೇ ವರ್ಷ ಸಾಂತವ್ವನಿಗೆ ದಿನ ನಿಂತಾಗ ಅವಳ ಅಪ್ಪ ಸಾಗುವಾನಿಯಲ್ಲಿ ಮಾಡಿಸಿ ಕಳಿಸಿದ್ದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಜನ ಗಾದೆಗೆ ಹೇಳುತ್ತಾರೆ, ನಾನು ದರ್ಜಿ, ನಿಜವಾಗಿಯೂ ಹೊಲಿದೆ, ಕೆಂಪು ಬಟ್ಟೆಯದು, ಅಂಚಿಗೆ ಹಳದಿ ದಾರ ಹಾಕಿ. ನಾಲ್ಕನೇ ತಿಂಗಳಿಗೆ ಎಲ್ಲ ಮುಗಿಯಿತು. ಮತ್ತೆ ದಿನ ನಿಲ್ಲಲಿಲ್ಲ. ಕುಲಾವಿಯನ್ನು ಬಿಚ್ಚಿ ಯಾವುದೋ ದಿಂಬಿಗೆ ತೇಪೆ ಹಾಕಿಬಿಟ್ಟೆ. ತೊಟ್ಟಿಲನ್ನು ಇಳಿಸಲು ಮಾತ್ರ ಅವಳು ಬಿಡಲಿಲ್ಲ. ಮನೆಗೆ ನೀರು ನುಗ್ಗಿದಾಗ ಹಿಟ್ಟಿನ ಡಬ್ಬಿಯನ್ನಾದರೂ ಅದರಲ್ಲಿಡು ಎಂದರೆ, ಹಿಟ್ಟು ತೊಯ್ದರೆ ತೊಯ್ಯಲಿ ಎನ್ನುತ್ತಿದ್ದಳು. ಹದಿನಾಲ್ಕು ವರ್ಷ ಅದು ಬರಿದಾಗಿ ತೂಗಿತು. ನಾನು ಬೆಳಿಗ್ಗೆ ಅಂಗಡಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುವವನು. ಪ್ರತಿದಿನ ಅದರ ಪಕ್ಕದಲ್ಲೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದೆ, ಹಾಕುವಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಹೊಸಬನಿಗೆ ಮೂರು ಬೆಳಗು ಕೊಡುತ್ತಾರೆ. ಅಷ್ಟರಲ್ಲಿ ಒಂದು ಹಿಂಡಾದರೂ ಅವನ ಮರಕ್ಕೆ ಇಳಿಯಬೇಕು, ಅವನು ಹೊಡೆಯಬೇಕು. ಇಲ್ಲದಿದ್ದರೆ ಜಾಗ ಸರದಿಯಲ್ಲಿ ಮುಂದಿನವನಿಗೆ. ಮುಂದಿನವನು ನಮ್ಮ ಓಣಿಯ ಅಡಿವೆಪ್ಪ, ಬಾಯಿಬಡುಕ. ಊರಿನ ಜನ ಕೆರೆಯ ಏರಿಯ ಮೇಲೆ ಚಾದರ ಹೊದ್ದು, ಚಹಾ ಹಿಡಿದು ನೋಡಲು ಕೂರುತ್ತಾರೆ.

ಮೊದಲ ಬೆಳಗಿಗೆ ಬಾಗಿಲನ್ನು ಕಡಿದು ಕೆತ್ತಿದ್ದೆ. ಒಂದೊಂದಕ್ಕೂ ಹಗ್ಗ ಕಟ್ಟಿ, ಹಗ್ಗದ ತುದಿಗೆ ಕಲ್ಲು ಕಟ್ಟಿ, ಕಾಕಾ ಹೇಳಿದ ಹಾಗೆ ನಡುವೆ ಜಾಗ ಬಿಟ್ಟು ಹನ್ನೆರಡನ್ನೂ ತೇಲಿಸಿದೆ. ಮರೆಯಲ್ಲಿ ಕೂತು ಆಡಿನ ದನಿಯಲ್ಲಿ ಕರೆದೆ. ಒಂದು ಬಾತೂ ನಮ್ಮ ಕಡೆ ಸುಳಿಯಲಿಲ್ಲ. ಆಮೇಲೆ ನೆನಪಾಯಿತು, ಹಳೆಯ ಬಾಗಿಲನ್ನು ಮೂರು ವರ್ಷದ ಹಿಂದೆ ನೀರು ಕೊಂಡೊಯ್ದಿತ್ತು, ಇದು ಹೊಸದು. ನಮ್ಮ ಮನೆಯ ಬಾಗಿಲು ತಟ್ಟುವವರಾದರೂ ಯಾರಿದ್ದರು?

ಎರಡನೇ ಬೆಳಗಿಗೆ ಮಂಚ. ಹದಿನಾರು ವರ್ಷ ನಾವಿಬ್ಬರೂ ಮಲಗಿದ ಮಂಚ, ಇದಕ್ಕಿಂತ ಬಾಳಿದ ಮರ ಯಾವುದು ಎಂದು ಧೈರ್ಯವಾಗಿಯೇ ಕೂತಿದ್ದೆ. ಬಾತುಗಳು ಬಂದವು. ತಲೆಯ ಮೇಲೆ ಎರಡು ಸುತ್ತು ಹಾಕಿದವು, ತೀರ ಕೆಳಗಿಳಿದು ಕಾಲನ್ನೂ ಚಾಚಿದವು. ನನ್ನ ಬೆರಳು ಕೋವಿಯ ಕುದುರೆಯ ಮೇಲೆ ಹೋಗಿತ್ತು. ಅಷ್ಟರಲ್ಲಿ ಏನೋ ನೆನಪಾದವರ ಹಾಗೆ ಮೇಲೆದ್ದು ಕೆರೆಯ ಆಚೆ ದಂಡೆಗೆ ಹೋಗಿಬಿಟ್ಟವು. ಏರಿಯ ಮೇಲಿಂದ ಅಡಿವೆಪ್ಪನ ದನಿ ಬಂತು.

"ಫಕೀರಪ್ಪಣ್ಣಾ, ಮಂಚದ ಮ್ಯಾಲೆ ಬರೇ ನಿದ್ದಿ ಮಾಡೀರೇನೋ?"

ಊರಿಗೆ ಊರೇ ನಕ್ಕಿತು. ಚಹಾ ಕುಡಿಯುತ್ತಿದ್ದವರು ಕೆಮ್ಮಿ ಕೆಮ್ಮಿ ನಕ್ಕರು. ನಮ್ಮೂರಲ್ಲಿ ಗಂಡ ಹೆಂಡಿರ ಒಳಗುಟ್ಟು ಬಾತುಗಳ ಬಾಯಿಂದ ಬಂದರೆ ಅದಕ್ಕೆ ಮೇಲ್ಮನವಿ ಇಲ್ಲ. ತೊಯ್ದ ಮರದ ಬಾತುಗಳನ್ನು ಚೀಲಕ್ಕೆ ತುಂಬಿಕೊಂಡು ತಲೆ ತಗ್ಗಿಸಿ ಬಂದೆ. ಹಾದಿಯಲ್ಲಿ ಕಾಕಾ ಜೊತೆಯಾದರು. ಇನ್ನೇನು ಮರ ಐತಿ ಎಂದು ಅವರು ಕೇಳಲಿಲ್ಲ, ನಾನೇ ತೊಟ್ಟಿಲಿನ ಮಾತು ತೆಗೆದೆ.

"ಯಾರಾದ್ರೂ ಮಲಗಿದ್ರೇನು ಅದರಾಗ?"

"ಇಲ್ಲ."

"ಹಂಗಾರ ಅದು ಪ್ಯಾಟಿ ಹಲಿಗಿ ಇದ್ದಂಗ. ಬಾತು ಹೊಳ್ಳಿ ನೋಡೂದಿಲ್ಲ. ಬಿಟ್ಟಬಿಡು ತಮ್ಮಾ, ಸುಮ್ನ ಹೆಣ್ಮಗಳ ಮನಸ್ಸು ಮುರೀಬ್ಯಾಡ."

ಅವರು ಹೇಳಿದ್ದು ಸರಿಯೇ ಇತ್ತು, ನನಗೂ ಗೊತ್ತಿತ್ತು. ಆದರೂ ಮಧ್ಯಾಹ್ನ ಮನೆಗೆ ಹೋದವನೇ ಏಣಿ ಹಾಕಿದೆ. ಇವತ್ತಿಗೂ ನಾನು ಯಾರಿಗೂ ಹೇಳದ ಮಾತು ಇದು. ನಾನು ಆ ತೊಟ್ಟಿಲನ್ನು ಇಳಿಸಿದ್ದು ಅದಕ್ಕೆ ಬಾತು ಬರುತ್ತವೆ ಎಂಬ ಆಸೆಯಿಂದಲ್ಲ. ಊರು ನಕ್ಕ ಸಿಟ್ಟನ್ನು ಯಾವುದರ ಮೇಲಾದರೂ ತೀರಿಸಬೇಕಿತ್ತು. ಅತ್ತೆಯ ಮೇಲಿನ ಸಿಟ್ಟು ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಹಾಗೆ.

ಸಾಂತವ್ವ ಒಲೆಯ ಮುಂದಿದ್ದವಳು ಎದ್ದು ಬಂದು ಏಣಿ ಹಿಡಿದುಕೊಂಡಳು.

"ಅದೊಂದು ಬ್ಯಾಡ್ರಿ," ಎಂದಳು.

"ಯಾರು ಮಲಗ್ಯಾರ ಅದರಾಗ, ಬ್ಯಾಡ ಅನ್ನಾಕ? ಬರೇ ಕಟಗಿ ಅದು."

"ಬರೇ ಕಟಗಿ ಆಗಿದ್ರ ಬಾತು ಬರೂದಿಲ್ಲಲ್ರಿ. ಮತ್ಯಾಕ ಕಡೀತೀರಿ?"

ಉತ್ತರವಿಲ್ಲದ ಗಂಡಸು ಉಪಕಾರದ ಮಾತು ತೆಗೆಯುತ್ತಾನೆ.

"ನಿನ್ನ ಎದಿ ಸಲುವಾಗೇ ಇಷ್ಟೆಲ್ಲಾ ಮಾಡಾಕತ್ತೀನಿ. ಮ್ಯಾಲ ಹೋದ್ರ ನಿನ್ನ ಜೀವ ಉಳೀತೈತಿ."

"ನನ್ನ ಎದಿ ಸುದ್ದಿ ಬಿಡ್ರಿ. ನಾ ಇಲ್ಲೇ ಕೆಮ್ಮಿಕೋತ ಇರ್ತೀನಿ. ನಿಮಗ ಕೈ ಮುಗೀತೀನಿ, ಅದನ್ನ ಬಿಟ್ಟ ಬಿಡ್ರಿ."

"ಹದಿನಾಲ್ಕು ವರ್ಷ ಆತು ಸಾಂತಿ. ಹುಟ್ಟಿಲ್ಲ, ಹುಟ್ಟೂದಿಲ್ಲ. ಇದು ತೂಗೂದನ್ನ ನೋಡಿ ನೋಡಿ ನನಗ ಸಾಕಾಗೈತಿ."

ಅವಳು ಏಣಿ ಬಿಟ್ಟು ಹೊರಗೆ ಹೋಗಿ, ಬಾಗಿಲಿಲ್ಲದ ಹೊಸ್ತಿಲ ಮೇಲೆ ಕೆರೆಯ ಕಡೆ ಮುಖ ಮಾಡಿ ಕೂತಳು. ನಾನು ಇಳಿಸಿ, ಕೀಲು ತಪ್ಪಿಸಿ, ಕಡಿಯತೊಡಗಿದೆ. ತೊಟ್ಟಿಲಿನ ಒಂದು ಪಕ್ಕದ ಪಟ್ಟಿ ಕೈ ಹಿಡಿಯುವಲ್ಲಿ ನುಣ್ಣಗೆ ಸವೆದು ಮಿರುಗುತ್ತಿತ್ತು. ಒಳ್ಳೆಯ ಬಡಿಗ ಮಾಡಿದ್ದಾನೆ, ಎಷ್ಟು ಚೆನ್ನಾಗಿ ತೀಡಿದ್ದಾನೆ ಎಂದುಕೊಂಡೆ. ತೊಲೆಗೆ ಹಾಕಿದ್ದ ಕಬ್ಬಿಣದ ಕೊಂಡಿ ತಿಕ್ಕಿ ತಿಕ್ಕಿ ಅರ್ಧಕ್ಕೆ ತೆಳ್ಳಗಾಗಿತ್ತು. ಕಣ್ಣಿದ್ದವನಾಗಿದ್ದರೆ ಅಲ್ಲಿಗೇ ಉಳಿ ಕೆಳಗಿಡುತ್ತಿದ್ದೆ. ಸೂಜಿಗೆ ದಾರ ಪೋಣಿಸುವ ಕಣ್ಣು ನನ್ನದು, ಊರಿನಲ್ಲೇ ಚುರುಕು ಎಂದು ಹೆಸರು. ಆ ದಿನ ಅದು ಯಾವ ಕೆಲಸಕ್ಕೂ ಬರಲಿಲ್ಲ.

ಸಂಜೆಗೆ ಹನ್ನೆರಡಾದವು. ತೊಟ್ಟಿಲು ಚಿಕ್ಕದು, ಬಾತುಗಳೂ ಚಿಕ್ಕವೇ ಆದವು, ಮರಿಗಳ ಹಾಗೆ. ಬಣ್ಣ ಒಣಗುವಷ್ಟು ಹೊತ್ತಿರಲಿಲ್ಲವೆಂದು ಇದ್ದಿಲಿನಿಂದ ಕಣ್ಣು ಮಾತ್ರ ಬರೆದೆ.

ಮೂರನೇ ಬೆಳಗು ಏರಿಯ ಮೇಲೆ ಮೊದಲ ಎರಡು ದಿನಕ್ಕಿಂತ ಹೆಚ್ಚು ಜನ ಸೇರಿದ್ದರು, ನಗಲು ಬಂದವರು. ಅಡಿವೆಪ್ಪ ಯಾರದೋ ಬೂಟು ಬೇಡಿ ತಂದು ಆಗಲೇ ಹಾಕಿಕೊಂಡು ನಿಂತಿದ್ದ. ನಾನು ತೆಪ್ಪದಲ್ಲಿ ಹೋಗಿ ಹನ್ನೆರಡನ್ನೂ ನೀರಿಗೆ ಬಿಟ್ಟು ಮರೆಗೆ ಬಂದೆ. ಸೀಟಿಯನ್ನು ಬಾಯಿಗೆ ಇಟ್ಟುಕೊಳ್ಳುವ ಮೊದಲೇ ಮೂರು ಬಾತು ಬಂದು ಕೂತವು. ಅವುಗಳ ಹಿಂದೆ ಹತ್ತು. ಆಮೇಲೆ ಆಚೆ ದಂಡೆಯಿಂದ, ಕೆರೆಯ ನಡುವಿನಿಂದ, ಉಳಿದ ಮೂವತ್ತೊಂದು ಜನರ ಮರಗಳ ಪಕ್ಕದಿಂದ, ಎಲ್ಲ ಕಡೆಯಿಂದಲೂ ಎದ್ದು ಬರತೊಡಗಿದವು. ಬೆಳಕು ಮಂಕಾಗುವಷ್ಟು ಬಂದವು. ಒಂದೂ ಕೂಗಲಿಲ್ಲ. ಮೆಲ್ಲಗೆ ಇಳಿದವು, ಆ ಚಿಕ್ಕ ಮರದ ಬಾತುಗಳ ಸುತ್ತ ಮೈಗೆ ಮೈ ತಾಗಿಸಿ ನಿಂತವು, ಕೊಕ್ಕನ್ನು ರೆಕ್ಕೆಯೊಳಗೆ ಇಟ್ಟುಕೊಂಡು ನಿದ್ದೆ ಹೋದವು.

ಏರಿಯ ಮೇಲೆ ಕೂತವರೆಲ್ಲ ಎದ್ದು ನಿಂತಿದ್ದರು. ಕಾಕಾ ನೀರಿನಲ್ಲಿ ಕಾಲೆಳೆಯುತ್ತ ನನ್ನ ಮರೆಯೊಳಗೆ ಬಂದರು.

"ಯಾರ ತೊಟ್ಟಲೋ ಇದು?"

"ನಮ್ಮದರಿ ಕಾಕಾ."

"ಸುಳ್ಳ ಹೇಳಬ್ಯಾಡ ಫಕೀರಾ. ಅರವತ್ತು ವರ್ಷ ಆತು ನಾ ಬಾತು ನೋಡಾಕತ್ತು. ಈ ಮರದಾಗ ಕೂಸು ಬೆಳದೈತಿ."

ನನಗೆ ಆಗ ತಿಳಿಯಿತು. ಸವೆದ ಪಟ್ಟಿ, ತೆಳ್ಳಗಾದ ಕೊಂಡಿ, ತೊಯ್ದರೆ ತೊಯ್ಯಲಿ ಎಂದ ಹಿಟ್ಟು, ಎಲ್ಲ ಒಟ್ಟಿಗೆ ತಿಳಿಯಿತು. ನಾನಿಲ್ಲದ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಒಂದು ಮಗು ಇತ್ತು. ಹದಿನಾಲ್ಕು ವರ್ಷ ಆ ಬರಿದಾದ ತೊಟ್ಟಿಲನ್ನೇ ತೂಗಿ ತೂಗಿ ಅದರ ತಾಯಿ ಅದನ್ನು ಸಾಕಿದ್ದಳು, ಒಂದು ದಿನವೂ ನನಗೆ ತೋರಿಸಿರಲಿಲ್ಲ. ತೋರಿಸಿದ್ದರೂ ನಾನು ನೋಡುತ್ತಿರಲಿಲ್ಲ.

"ಹೊಡಿ," ಎಂದರು ಕಾಕಾ, ನನ್ನ ಮುಖ ನೋಡದೆ. "ಹೊಡೀಲಿಲ್ಲ ಅಂದ್ರ ಜಾಗ ಅಡಿವೆಪ್ಪಗ ಹೋಗ್ತೈತಿ. ಮರ ಹೋತು, ಮನೀನೂ ಹೋತು ಅಂತ ಆಗಬಾರದು."

ನಾನು ಹೊಡೆದೆ. ಹೊಡೆಯಲಿಲ್ಲ ಎಂದು ಹೇಳಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಸದ್ದಿಗೆ ಹತ್ತಿರದ ಬಾತುಗಳು ಕಣ್ಣು ತೆರೆದು ಒಮ್ಮೆ ನೋಡಿ ಮತ್ತೆ ಮುಚ್ಚಿಕೊಂಡವು. ಗುರಿ ಬಾರದವನು ನಾನು, ಆದರೆ ಮಲಗಿದ್ದನ್ನು ಹೊಡೆಯಲು ಗುರಿಯೇಕೆ? ಚೀಲದಲ್ಲಿದ್ದ ಕಾಡತೂಸು ಮುಗಿಯುವವರೆಗೂ ಹೊಡೆದೆ. ಏರಿಯ ಮೇಲೆ ಜನ ಕೇಕೆ ಹಾಕಿದರು. ಅಡಿವೆಪ್ಪ ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದ. ಹಿರಿಯರು ಬಂದು ಬೆನ್ನು ತಟ್ಟಿ, ಬಾಗಿಲೇ ಇಲ್ಲದ ಮನೆಗೆ ಕೀಲಿಕೈ ಎಲ್ಲಿಂದ ಕೊಡೋಣ, ಪರದೆಗೆ ಅಳತೆ ತಗೋ ಹೋಗು ಎಂದು ನಕ್ಕರು.

ಹೊಡೆದ ಬಾತುಗಳು ನನಗಿಂತ ಮೊದಲೇ ಮನೆ ಮುಟ್ಟಿದ್ದವು, ಪುಕ್ಕ ಕೀಳುವವಳು ನನ್ನವಳೇ ಅಲ್ಲವೇ. ಅಂಗಳದ ತುಂಬ ರಾಶಿ. ಸಾಂತವ್ವ ಮೂಗಿಗೆ ಸೆರಗು ಕಟ್ಟಿಕೊಂಡು, ಮಡಿಲಲ್ಲಿ ಒಂದು ಬಾತನ್ನಿಟ್ಟುಕೊಂಡು ಕೂತಿದ್ದಳು. ನಾನು ಬೂಟು ಕೂಡ ಬಿಚ್ಚದೆ ಅವಳ ಎದುರು ಕುಕ್ಕರಗಾಲಿನಲ್ಲಿ ಕೂತೆ.

"ನನಗ ಗೊತ್ತಿರಲಿಲ್ಲ," ಎಂದೆ.

"ಮಧ್ಯಾಹ್ನ ಉಂಡ ಮ್ಯಾಲೆ ಮಲಗಸ್ತಿದ್ದೆ," ಎಂದಳು, ಕೈ ನಿಲ್ಲಿಸದೆ. "ನೀವು ಬರೂ ಹೊತ್ತಿಗೆ ಎಬ್ಬಿಸಿ ಕಳಸ್ತಿದ್ದೆ. ನಿಮಗ ದಣಿವಾಗಿರ್ತಿತ್ತಲ್ಲ."

ಕತ್ತಲಾಗುವ ಮೊದಲು ರಾಶಿ ಮುಗಿಸಬೇಕಿತ್ತು, ನಾನೂ ಕೂತು ಪುಕ್ಕ ಕಿತ್ತೆ.

ಗುಡ್ಡಕ್ಕೆ ಬಂದು ಈಗ ನಾಲ್ಕು ಚಳಿಗಾಲವಾಯಿತು. ಒಣ ಗಾಳಿ, ಬಿಸಿಲು ಬೀಳುವ ಅಂಗಳ. ಸಾಂತವ್ವನ ಎದೆಯ ಸೀಟಿ ನಿಂತಿದೆ, ಮೈ ಕೈ ತುಂಬಿಕೊಂಡಿದ್ದಾಳೆ, ಪುಕ್ಕ ಕೀಳುವ ಕೆಲಸವಿಲ್ಲ. ನೋಡಿದವರು ಫಕೀರಪ್ಪ ಹೆಂಡತಿಯನ್ನು ಸಾವಿನ ಬಾಯಿಂದ ಎಳೆದುಕೊಂಡು ಬಂದ ಎನ್ನುತ್ತಾರೆ. ಬೇರೆಯವರ ಮರ ಮೂರನೇ ವರ್ಷಕ್ಕೆ ಸಪ್ಪಗಾದರೆ ನನ್ನ ಹನ್ನೆರಡಕ್ಕೆ ಇನ್ನೂ ಹಿಂಡುಗಳು ಬರುತ್ತಲೇ ಇವೆ. ಬೇಟೆ ಕಲಿಯುವ ಹೊಸಬರು ಈಗ ನನ್ನ ಹತ್ತಿರ ಬರುತ್ತಾರೆ, ಕಾಕಾ ತೀರಿಕೊಂಡರಲ್ಲ. ಬೂಟಿಗೆ ಚಿಂದಿ ತುರುಕುವುದು, ಜೊಂಡು ಹೆಣೆಯುವುದು, ಸೀಟಿಗೆ ತುಟಿ ಇಡುವುದು, ಎಲ್ಲ ಹೇಳಿಕೊಡುತ್ತೇನೆ. ಮರದ ಮಾತು ಬಂದಾಗ ಬೇಗ ಮುಗಿಸಿ ಎದ್ದುಬಿಡುತ್ತೇನೆ. ಚಳಿಗಾಲದ ಬೆಳಗು ನಾನು ಹೊರಡುವಾಗ ಸಾಂತವ್ವನೇ ಆ ಹನ್ನೆರಡನ್ನೂ ಒಂದೊಂದಾಗಿ ಒರೆಸಿ ಚೀಲಕ್ಕೆ ಹಾಕಿಕೊಡುತ್ತಾಳೆ, ಬಂದ ಮೇಲೆ ಒಂದೊಂದಾಗಿ ತೆಗೆದು ಬಿಸಿಲಿಗಿಡುತ್ತಾಳೆ. ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ. ಊಟ ಬಡಿಸುತ್ತಾಳೆ, ಪಕ್ಕದ ಮನೆಯ ಸುದ್ದಿ ಹೇಳುತ್ತಾಳೆ.

ಹೋದ ವಾರ ಹೀಗೆಯೇ ಬಿಸಿಲಿನಲ್ಲಿ ಕೂತು ಅವುಗಳ ಅಳಿಸಿಹೋದ ಇದ್ದಿಲಿನ ಕಣ್ಣನ್ನು ಮತ್ತೆ ಬರೆಯುತ್ತಿದ್ದಳು. ನಾಲ್ಕು ವರ್ಷದಿಂದ ಗಂಟಲಿನಲ್ಲಿಟ್ಟುಕೊಂಡಿದ್ದ ಮಾತನ್ನು ಅವತ್ತು ಕೇಳಿಬಿಟ್ಟೆ.

"ಹೆಸರ ಇಟ್ಟಿದ್ದೇನು?"

"ಇಟ್ಟಿದ್ದೆ."

"ಏನಂತ?"

ಅವಳು ಕೈಯಲ್ಲಿದ್ದ ಬಾತಿನ ಕಣ್ಣು ಬರೆದು ಮುಗಿಸಿದಳು. ಅದನ್ನು ಉಳಿದವುಗಳ ಸಾಲಿನಲ್ಲಿ ಇಟ್ಟಳು.

"ಒಬ್ಬಾಕಿ ಇದ್ದಾಗ ಹೆಸರಿತ್ರಿ," ಎಂದಳು. "ಈಗ ಹನ್ನೆರಡು ಮಾಡೀರಿ. ಯಾವುದಕ್ಕ ಅಂತ ಹೇಳ್ಲಿ?"